ಇಲ್ಲದ ರೌಟರಿನ ಲಕ್ಷಣ ನಿರೂಪಣೆ: ಶಿರಾ ಸುಬೆಯ ದೃಷ್ಟಾಂತಸಹಿತ

ರೌಟರ್ ಎಂಬುದು ಎರಡು ಜಾಲಗಳ ನಡುವಿನ ಸುಂಕದಕಟ್ಟೆ. ಬಂದ ಪ್ಯಾಕೆಟ್ಟಿನ ವಿಳಾಸ ಓದಿ ಆಚೆ ಕಳಿಸಬೇಕೋ, ಈಚೆ ಬಿಡಬೇಕೋ, ಬಿಸಾಡಬೇಕೋ ಎಂದು ತೀರ್ಮಾನಿಸುವುದಷ್ಟೇ ಅದರ ಉದ್ಯೋಗ. ಇದಕ್ಕೆ ಡಬ್ಬಿಯೇ ಆಗಬೇಕೆಂದಿಲ್ಲ, ತಂತ್ರಾಂಶ ಸಾಕು. ಆ ತಂತ್ರಾಂಶಕ್ಕೂ ಸ್ವಂತ ಕಂಪ್ಯೂಟರ್ ಬೇಕಿಲ್ಲ. ಇನ್ನೊಂದು ಕಂಪ್ಯೂಟರಿನೊಳಗೆ ಕಂಪ್ಯೂಟರಿನ ವೇಷ ಹಾಕಿ ಕೂತರಾಯಿತು. ಹಾಗೆ ಕೂತದ್ದು ವರ್ಚುವಲ್ ಮಷಿನ್, ಕೂರಿಸಿಕೊಂಡದ್ದು ಹೋಸ್ಟ್, ಒಳಗಿನವರಿಗೆ ಪ್ರೊಸೆಸರನ್ನೂ ಮೆಮೊರಿಯನ್ನೂ ಅಳೆದು ಹಂಚುವ ಯಜಮಾನ ಹೈಪರ್‌ವೈಸರ್.

ಈ ಪದ್ಧತಿ 1960ರ ದಶಕದಲ್ಲಿ ಐಬಿಎಂನ ದೊಡ್ಡ ಯಂತ್ರಗಳಲ್ಲಿ ಹುಟ್ಟಿತೆಂಬುದು ಪ್ರಚಲಿತ ಮತ. ಶಿರಾ ಸೀಮೆಯವರು ಇದನ್ನು ಒಪ್ಪಬೇಕಾಗಿಲ್ಲ. 1687ರಿಂದ 1757ರವರೆಗೆ ಶಿರಾ ಮೊಗಲರ ಸುಬೆಯ ರಾಜಧಾನಿ. ಏಳು ಪರಗಣೆಗಳ ಕಂದಾಯ ಇಲ್ಲಿಗೆ ಬರಬೇಕು. ಮೈಸೂರು, ಬಿದನೂರು, ಚಿತ್ರದುರ್ಗಗಳ ಪೊಗದಿಯೂ ಈ ಸುಬೆಯ ಲೆಕ್ಕಕ್ಕೇ. ಬಂದದ್ದನ್ನು ಬರೆದುಕೊಂಡು ದಿಕ್ಕು ನೋಡಿ ಮುಂದಕ್ಕೆ ಸಾಗಿಸುವ ಈ ವ್ಯವಸ್ಥೆ ರೌಟರೇ ಹೌದು, ಆದರೆ ಕಲ್ಲುಕೋಟೆಯ ರೌಟರು. ವರ್ಚುವಲ್ ಆದದ್ದು 1761ರಲ್ಲಿ. ನಿಜಾಮನ ಸಹೋದರ ಬಸಾಲತ್ ಜಂಗ್, ‘ಶಿರಾದ ನವಾಬ’ ಎಂಬ ಹೊಸ ಪದವಿಯೊಂದನ್ನು ಸೃಷ್ಟಿಸಿ ಮೂರು ಲಕ್ಷ ರೂಪಾಯಿಗೆ ಹೈದರಾಲಿಗೆ ದಯಪಾಲಿಸಿದ. ಆಗ ಶಿರಾ ಇದ್ದದ್ದು ಮರಾಠರ ಕೈಯಲ್ಲಿ. ಸನದು ಇದೆ, ಬಿರುದು ಇದೆ, ಹಣ ಸಂದಾಯವಾಗಿದೆ. ಯಂತ್ರ ಮಾತ್ರ ಬೇರೆಯವರ ಮನೆಯಲ್ಲಿ.

ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬಿಬ್ಬರು 1974ರಲ್ಲಿ ಇಂಥ ಪ್ರಯೋಗಗಳಿಗೆ ಮೂರು ಷರತ್ತು ಹಾಕಿದರು. ಒಳಗಿನ ಕಾರ್ಯಕ್ರಮ ನಿಜಯಂತ್ರದ ಮೇಲೆ ಇದ್ದಂತೆಯೇ ನಡೆದುಕೊಳ್ಳಬೇಕು. ಬಹುಪಾಲು ಕೆಲಸ ಮಧ್ಯಸ್ಥಿಕೆಯಿಲ್ಲದೆ ನೇರ ಪ್ರೊಸೆಸರಿನ ಮೇಲೆ ಸಾಗಬೇಕು. ಸಂಪನ್ಮೂಲವೆಲ್ಲ ಯಜಮಾನನ ಹಿಡಿತದಲ್ಲಿರಬೇಕು. ಮೊದಲೆರಡರಲ್ಲಿ ಹೈದರ್ ಪಾಸು. ಮೂರನೆಯದರಲ್ಲಿ ಬಸಾಲತ್ ಜಂಗ್ ಸಾರಾಸಗಟು ನಪಾಸು. ಇಬ್ಬರೂ ದಂಡು ಕಟ್ಟಿಕೊಂಡು ಹೋಗಿ ಶಿರಾವನ್ನು ಹಿಡಿದ ಮೇಲಷ್ಟೇ ಪದವಿಗೆ ಹಾರ್ಡ್‌ವೇರ್ ಒದಗಿತು. ಇಂದು ಈ ಕ್ರಮವನ್ನು ಯಾರೂ ಶಿಫಾರಸು ಮಾಡುವುದಿಲ್ಲ. ಮೊದಲು ಯಂತ್ರ ಕೊಳ್ಳುತ್ತಾರೆ.

ಪ್ರಯೋಗಭಾಗಕ್ಕೆ ಶಿರಾ ಪೇಟೆಯಲ್ಲೊಂದು ಜೆರಾಕ್ಸ್ ಅಂಗಡಿಯನ್ನು ಕಲ್ಪಿಸಿಕೊಳ್ಳಬಹುದು. ಮೇಜಿನ ಕೆಳಗೆ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪು; ಅದರ ಮೇಲೆ ಹೈಪರ್‌ವೈಸರ್ ಆಗಿ ಪ್ರಾಕ್ಸ್‌ಮಾಕ್ಸ್; ಅದರೊಳಗೆ ರೌಟರ್ ತಂತ್ರಾಂಶವಾಗಿ ಪಿಎಫ್‌ಸೆನ್ಸ್ ಅಥವಾ 2015ರಲ್ಲಿ ಅದರಿಂದ ಕವಲೊಡೆದ ಓಪಿಎನ್‌ಸೆನ್ಸ್. ನೆಟ್‌ವರ್ಕ್ ಪೋರ್ಟು ಎರಡಿರಬೇಕು: ಒಂದಕ್ಕೆ ಫೈಬರ್ ಡಬ್ಬಿಯ ವೈರು, ಇನ್ನೊಂದಕ್ಕೆ ಅಂಗಡಿಯ ಸ್ವಿಚ್ಚು. ಹೋಸ್ಟಿನಲ್ಲಿ ಎರಡು ಬ್ರಿಡ್ಜ್ ಕಟ್ಟಿ ಒಂದೊಂದಕ್ಕೆ ಒಂದೊಂದು ಪೋರ್ಟು ಜೋಡಿಸಿ ರೌಟರಿಗೆ ಒಪ್ಪಿಸಬೇಕು. ರೌಟರಿಗೆ ವರ್ಟಿಯೋ ಎಂಬ ವರ್ಚುವಲ್ ನೆಟ್‌ವರ್ಕ್ ಕಾರ್ಡು ಕೊಟ್ಟಿದ್ದರೆ ಒಂದು ವಿಚಿತ್ರ ವ್ಯಾಧಿ ಕಾಣಿಸಬಹುದು: ಪಿಂಗ್ ಹೋಗುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಚೆಕ್‌ಸಮ್ ಲೆಕ್ಕವನ್ನು ಕಾರ್ಡಿಗೆ ವಹಿಸುವ ಸೌಲಭ್ಯವನ್ನು ಒಳಗಿನ ರೌಟರಿನಲ್ಲಿ ಆಫ್ ಮಾಡಿ ಒಮ್ಮೆ ರೀಬೂಟ್ ಮಾಡಿದರೆ ವಾಸಿ. ಇಲ್ಲದ ಕಾರ್ಡಿಗೆ ಲೆಕ್ಕ ಬರೆಯುವ ಕೆಲಸ ವಹಿಸಿದರೆ ಇನ್ನೇನಾದೀತು.

ಪೂರ್ವಪಕ್ಷ: ಒಂದೆರಡು ಸಾವಿರಕ್ಕೆ ರೌಟರು ಸಿಗುವಾಗ ಇಷ್ಟೆಲ್ಲ ಏಕೆ? ಉತ್ತರ: ಒಂದೇ ಯಂತ್ರದಲ್ಲಿ ಸಿಸಿಟಿವಿ ರೆಕಾರ್ಡಿಂಗೂ ನಡೆದೀತು, ಗಿರಾಕಿಗಳ ವೈಫೈಯನ್ನು ಬಿಲ್ಲಿಂಗಿನಿಂದ ಬೇರೆ ಇಟ್ಟಂತೆಯೂ ಆದೀತು, ಎರಡು ಕಂಪನಿಯ ಲೈನು ಹಾಕಿಸಿದ್ದರೆ ಒಂದು ಬಿದ್ದಾಗ ಇನ್ನೊಂದು ಹಿಡಿದೀತು. ನಿಜವಾದ ಕಾರಣ ಮಾಡಬಹುದು ಎಂಬುದೇ. ಮೂರು ಲಕ್ಷ ತೆತ್ತ ಹೈದರನಿಗೂ ಇದಕ್ಕಿಂತ ಗಟ್ಟಿ ಕಾರಣ ಇದ್ದಂತೆ ಕಾಣದು.

ಇದರ ಮುಖ್ಯ ದೋಷವನ್ನು ನೈಯಾಯಿಕರು ಬಹಳ ಹಿಂದೆಯೇ ಗುರುತಿಸಿ ಅನ್ಯೋನ್ಯಾಶ್ರಯ ಎಂದರು. ಹೋಸ್ಟು ತನ್ನ ಐಪಿ ವಿಳಾಸವನ್ನು ರೌಟರಿನಿಂದ ಬೇಡುತ್ತದೆ. ರೌಟರು ಹೋಸ್ಟು ಎದ್ದ ಮೇಲೆ ಏಳುತ್ತದೆ. ಹೋಸ್ಟಿಗೆ ಕಾಯಂ ವಿಳಾಸ ಬರೆದಿಟ್ಟರೆ ಇದು ತೀರಿತು. ತೀರದ್ದು ಇನ್ನೊಂದು: ರೌಟರು ಕೆಟ್ಟರೆ ಸರಿಪಡಿಸುವ ಬಗೆಯನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಕು, ಇಂಟರ್ನೆಟ್ಟು ಬರುವುದು ಆ ರೌಟರಿನಿಂದಲೇ. ಇದಕ್ಕೆ ಮೊಬೈಲಿನ ಹಾಟ್‌ಸ್ಪಾಟ್ ಒಂದೇ ಗತಿ. ಸ್ವಯಂಪೂರ್ಣ ಜಾಲದ ಒಡೆಯರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಎರಡನೆಯ ದೋಷ ಕರೆಂಟು. ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿಯ ಸೋಲಾರ್ ಪಾರ್ಕಿನದು 2,050 ಮೆಗಾವಾಟ್ ಸಾಮರ್ಥ್ಯ; ಕರೆಂಟು ಹೋದ ಗಳಿಗೆಯಲ್ಲಿ ಅಂಗಡಿಯ ನೆರವಿಗೆ ಬರುವುದು ಮಾತ್ರ ಮೇಜಿನಡಿಯ ಯುಪಿಎಸ್. ಅದರ ಬ್ಯಾಟರಿ ಹಳತಾಗಿದ್ದರೆ ಮೊದಲು ಹೋಸ್ಟು, ಆಮೇಲೆ ರೌಟರು, ಆಮೇಲೆ ವೈಫೈ ಎಂಬ ಸರದಿಯಲ್ಲಿ ಎಲ್ಲವೂ ಮತ್ತೆ ಏಳಬೇಕು. ಈ ಅವಧಿಯ ಶಾಸ್ತ್ರೀಯ ಸಂವಾದ ಹೀಗಿರುತ್ತದೆ. ಪಹಣಿಗೆಂದು ಬುಕ್ಕಾಪಟ್ಟಣದಿಂದ ಬಂದ ರೈತ: ‘ನೆಟ್ ಬಂತೇನಪ್ಪ?’ ಅಂಗಡಿಯವನು: ‘ಬೂಟಾಗ್ತೈತೆ, ಕುಂತ್ಕಳಣ್ಣ.’ ರೈತ ಕೂರುತ್ತಾನೆ. ಏನು ಬೂಟಾಗುತ್ತಿದೆ ಎಂದು ಕೇಳುವುದಿಲ್ಲ. ಕೇಳಿದರೆ ಉತ್ತರ ಬೂಟಾಗುವುದಕ್ಕಿಂತ ದೀರ್ಘವಾದೀತು.

ನಕಲು ಮತ್ತು ಸ್ಥಳಾಂತರ ಈ ವಿದ್ಯೆಯ ಹೆಮ್ಮೆ. ಒಮ್ಮೆ ಸಜ್ಜುಗೊಳಿಸಿದ ರೌಟರನ್ನು ಟೆಂಪ್ಲೇಟ್ ಮಾಡಿಟ್ಟು ಬೇಕಾದಷ್ಟು ಪ್ರತಿ ತೆಗೆಯಬಹುದು. ಶಿರಾದಲ್ಲಿ ಮೊಗಲರ ಸುಬೇದಾರ ದಿಲಾವರ್ ಖಾನ್ ಕಟ್ಟಿಸಿದ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿ ಎನ್ನುತ್ತದೆ ರೈಸ್ ಬರೆದ ಮೈಸೂರು ಗೆಜೆಟಿಯರ್. ಬೆಂಗಳೂರಿನ ಪ್ರತಿ ಇನ್ನೂ ನಿಂತಿದೆ. ಮೂಲಪ್ರತಿ ಬೇಗ ಹಾಳಾಗುವ ಸಾಮಗ್ರಿಯದಾದ್ದರಿಂದ ಅಳಿದುಹೋಯಿತು. ಬ್ಯಾಕಪ್ಪನ್ನು ಅದೇ ಡಿಸ್ಕಿನಲ್ಲಿ ಇಡಬಾರದೆಂಬ ನಿಯಮಕ್ಕೆ ಇದಕ್ಕಿಂತ ಹಳೆಯ ಆಧಾರ ಈ ತಾಲ್ಲೂಕಿನಲ್ಲಿ ಸಿಗಲಾರದು. ಇನ್ನು ಲೈವ್ ಮೈಗ್ರೇಷನ್: ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆ ಇನ್ನೊಂದು ಹೋಸ್ಟಿಗೆ ದಾಟಿಸುವುದು. ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಒಯ್ದನೆಂದು ಅದೇ ಗೆಜೆಟಿಯರಿನಲ್ಲಿದೆ. ಗಂಜಾಮು ತುಂಬಿತು, ಶಿರಾ ಬರಿದಾಯಿತು. ಆದ್ದರಿಂದ ಇದನ್ನು ಲೈವ್ ಮೈಗ್ರೇಷನ್ ಎನ್ನಲಾಗದು.

ರೌಟರು ಎದ್ದು, ವಿಳಾಸ ಹಂಚಿ, ಪಿಂಗೂ ಪುಟವೂ ಸರಾಗವಾದ ಮೇಲೆ ಪರದೆಯ ಮೇಲೆ ‘ಸರ್ವರ್ ಬಿಜಿ’ ಎಂದು ಬರುವುದುಂಟು. ಅದು ಆಚೆ ಕಡೆಯ ಯಂತ್ರದ ಲಕ್ಷಣವಾದ್ದರಿಂದ ಈ ಪ್ರಬಂಧದ ವ್ಯಾಪ್ತಿಗೆ ಸೇರಿದ್ದಲ್ಲ.