ಗುಂಪುಮಣಿದರ್ಪಣಂ: ಸಂಧಿಪ್ರಕರಣ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲಿಗೆ ಇಷ್ಟದೇವತಾಸ್ತುತಿ ಇರಬೇಕು. ಈ ಗ್ರಂಥದ ವಿಷಯ 'ಹಳೇಮನೆ ಬಳಗ' ಎಂಬ ನಮ್ಮ ಕುಟುಂಬದ ವಾಟ್ಸಾಪ್ ಗುಂಪು. ಅದರಲ್ಲಿ ದಿನಾ ಬೆಳಿಗ್ಗೆ ಐದೂವರೆಯಿಂದ ಏಳರೊಳಗೆ ಸೂರ್ಯೋದಯ, ಗುಲಾಬಿ ಮತ್ತು ಆಯಾ ವಾರದ ದೇವರು ಸೇರಿ ಕಡಿಮೆಯೆಂದರೂ ಹದಿನಾಲ್ಕು ಚಿತ್ರ ಬಂದು ಬಿದ್ದಿರುತ್ತವೆ. ಆದ್ದರಿಂದ ಸ್ತುತಿ ಸಾಂಗವಾಗಿ ಮುಗಿದಿದೆ ಎಂದೇ ತಿಳಿದು ಮುಂದುವರಿಯುತ್ತೇನೆ.

13ನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ವನ್ನು ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮದಲ್ಲಿ ಬರೆದ. ಅಕ್ಷರಕ್ಕೆ ಅಕ್ಷರ ಹೇಗೆ ಸೇರುತ್ತದೆ, ಸೇರುವಾಗ ಯಾವುದು ಬೀಳುತ್ತದೆ, ಯಾವುದು ನಡುವೆ ನುಗ್ಗುತ್ತದೆ ಎಂಬುದನ್ನು ಅಷ್ಟು ಚೆನ್ನಾಗಿ ಬಲ್ಲವನು, ಮನುಷ್ಯನಿಗೆ ಮನುಷ್ಯ ಸೇರುವ ಪ್ರಕರಣವನ್ನು ಮಾತ್ರ ಯಾಕೆ ಬಿಟ್ಟ ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಅವನ ಕಾಲಕ್ಕೆ ಅಡ್ಮಿನ್ ಇರಲಿಲ್ಲ. ಕಾರಣ ಅಷ್ಟೇ. ಆ ಕೊರತೆಯನ್ನು ತುಂಬಲು ಈ ಕಿರುಗ್ರಂಥ.

ಸೂತ್ರ: ನಂಬರುಳ್ಳನೆ ನಂಟಂ.

ವೃತ್ತಿ: ಯಾರ ನಂಬರು ಗುಂಪಿನಲ್ಲಿದೆಯೋ ಅವರು ನೆಂಟರು. ರಕ್ತ, ಗೋತ್ರ, ಬಾಳೆಎಲೆಯ ಪಂಕ್ತಿ, ಇವೆಲ್ಲ ಪೂರಕ ದಾಖಲೆಗಳು. ಹಿಂದೆ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯುತ್ತಿದ್ದರು. ಕರೆಯುವವರ ದನಿಯಲ್ಲಿ ಒಂಚೂರು ಅವಸರ ಕಂಡರೆ 'ಸರಿಯಾಗಿ ಕರೀಲಿಲ್ಲ' ಎಂದು ಹತ್ತು ವರ್ಷ ಮಾತು ಬಿಡಲು ಅವಕಾಶವಿತ್ತು. ಈಗ ಗುಂಪಿಗೆ ಒಂದು ಪಿಡಿಎಫ್ ಬರುತ್ತದೆ, ಕೆಳಗೆ 'ಇದನ್ನೇ ವೈಯಕ್ತಿಕ ಆಹ್ವಾನವೆಂದು ತಿಳಿಯಿರಿ' ಎಂದಿರುತ್ತದೆ. ಮುನಿಸಿಕೊಳ್ಳುವ ಹಕ್ಕನ್ನು ಇಷ್ಟು ಸಲೀಸಾಗಿ ಕಿತ್ತುಕೊಂಡ ಇನ್ನೊಂದು ಯಂತ್ರವನ್ನು ನಾನು ಕಾಣೆ.

ಜಾಗದ ವಿಚಾರದಲ್ಲಿ ಒಂದು ಉಪಕಥೆ. 2016ರ ಆರಂಭದವರೆಗೆ ಒಂದು ಗುಂಪಿನಲ್ಲಿ 100 ಜನಕ್ಕೆ ಮಾತ್ರ ಸ್ಥಳವಿತ್ತು. ಕೌರವರೇ ನೂರು, ದುಶ್ಶಲೆಗೇ ಎಡೆಯಿಲ್ಲ, ಪಾಂಡವರ ಮಾತಂತೂ ದೂರ. ಆ ವರ್ಷ ಮಿತಿ 256ಕ್ಕೆ ಏರಿತು, 2022ರಲ್ಲಿ 512, ಆಮೇಲೆ 1024. ಈಗ ಎರಡೂ ಕಡೆಯವರು, ಭೀಷ್ಮರು, ಬೀಗರು ಎಲ್ಲರೂ ಹಿಡಿಸುತ್ತಾರೆ. ಯುದ್ಧ ತಪ್ಪುತ್ತಿತ್ತೇ ಎಂಬುದು ಬೇರೆ ಪ್ರಶ್ನೆ. ನಮ್ಮ ಗುಂಪಿನಲ್ಲಿರುವುದು 63 ನಂಬರು. ಹಳೇಮನೆಯ ಬಾವಿಗಟ್ಟೆ ಯಾರಿಗೆ ಸೇರಿದ್ದೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಪೂರ್ವಪಕ್ಷದವರು ಇಲ್ಲಿ ಎದ್ದು ನಿಲ್ಲುತ್ತಾರೆ: 'ಹಿಂದೆ ಯಂತ್ರಗಳು ಕಡಿಮೆಯಿದ್ದವು, ಜನ ಕೂಡಿ ಬಾಳುತ್ತಿದ್ದರು.' ಪಾಪ, ಅವರ ವಾದದಲ್ಲಿ ಸ್ವಲ್ಪ ಸತ್ಯವಿದೆ. 1935ರಲ್ಲಿ ಮೈಸೂರಿನ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿ ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂದಾಗ, ಒಂದು ರೇಡಿಯೊ ಸುತ್ತ ಒಂದು ಓಣಿಯೇ ಕೂರುತ್ತಿತ್ತು. ಕೇಳುವವರು ತಿರುಗಿ ಮಾತಾಡುವ ಹಾಗಿರಲಿಲ್ಲವಾದ್ದರಿಂದ ಜಗಳವೂ ಇರಲಿಲ್ಲ. ಮುಂದೆ ಟೆಲಿಫೋನು ಬಂತು. ಲಗ್ನಪತ್ರಿಕೆಯ ಕೆಳಗೆ 'ಪಿ.ಪಿ.' ಎಂದು ಬರೆದು ಪಕ್ಕದ ಮನೆಯ ನಂಬರು ಹಾಕುತ್ತಿದ್ದ ಕಾಲ ಅದು. ಫೋನ್ ಇದ್ದ ಮನೆಯ ಹುಡುಗ ಅನ್ನದ ತಟ್ಟೆ ಬಿಟ್ಟು ಎದ್ದು, ಬೇಲಿ ಹಾರಿ, 'ಬೊಂಬಾಯಿಂದ ಫೋನು ಬಂದದೆ' ಎಂದು ಕೂಗಬೇಕಿತ್ತು. ಆ ಹುಡುಗ ನಾನೇ ಆಗಿದ್ದರಿಂದ ಈ ವಿಷಯದಲ್ಲಿ ನನ್ನ ಸಾಕ್ಷ್ಯವನ್ನು ಪ್ರಮಾಣವೆಂದು ಒಪ್ಪಬೇಕು.

ಆದರೆ 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾಗಿ, ಭಾನುವಾರ ಬೆಳಿಗ್ಗೆ ನಮ್ಮ ಹಜಾರ ತುಂಬುತ್ತಿತ್ತಲ್ಲ, ಆ ಚಿತ್ರವನ್ನು ಪೂರ್ವಪಕ್ಷದವರು ಅರ್ಧ ಮಾತ್ರ ತೋರಿಸುತ್ತಾರೆ. ಕುರ್ಚಿಯ ಮೇಲೆ ದೊಡ್ಡಪ್ಪ, ಚಾಪೆಯ ಮೇಲೆ ನಾವು, ಅಡುಗೆಮನೆ ಬಾಗಿಲಲ್ಲಿ ಹೆಂಗಸರು. ಹೊರಗೆ ಕಿಟಕಿಯ ಸರಳು ಹಿಡಿದು ನಿಂತವರು ತೋಟದ ಕೆಲಸಕ್ಕೆ ಬರುತ್ತಿದ್ದವರ ಮಕ್ಕಳು. ಅವರು ಯಾಕೆ ಒಳಗಿಲ್ಲ ಎಂದು ಒಂದು ಭಾನುವಾರವೂ ನಾನು ಕೇಳಿದವನಲ್ಲ. ಸೆಖೆಗೆ ಗಾಳಿ ಬರುವುದಿಲ್ಲ, ತಲೆ ಅಡ್ಡ ಬರುತ್ತದೆ ಎಂದು ಯಾರೋ ಗದರಿದ್ದು, ಅವರು ಒಂದು ಹೆಜ್ಜೆ ಹಿಂದೆ ಸರಿದು ಅಲ್ಲಿಂದಲೇ ನೋಡಿದ್ದು ನೆನಪಿದೆ. ಪೂರ್ವಪಕ್ಷ ಇಲ್ಲಿಗೆ ಬಿತ್ತು.

ಇನ್ನು ಮುಖ್ಯ ವಿಷಯ. ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಗುಂಪಿನ ಸಂಧಿಗಳೂ ಮೂರೇ. ಇದು ಕಾಕತಾಳೀಯವಲ್ಲವೆಂದು ಸಾಧಿಸುವುದೇ ಗ್ರಂಥಕರ್ತನ ಜೀವಮಾನದ ಸಾಧನೆ.

ಆಗಮವೆಂದರೆ ಇಲ್ಲದ ಅಕ್ಷರ ಹೊಸದಾಗಿ ಬಂದು ಸೇರುವುದು. ಮನೆ, ಅನ್ನು ಎಂಬ ಎರಡರ ನಡುವೆ ಯಕಾರ ಬಂದು 'ಮನೆಯನ್ನು' ಆಗುತ್ತದೆ. ಬರುತ್ತೀಯಾ ಎಂದು ಯಕಾರವನ್ನು ಯಾರೂ ಕೇಳಿರುವುದಿಲ್ಲ. ನಮ್ಮ ಮನೆಯ ಅಳಿಯಂದಿರೆಲ್ಲ ಹೀಗೆ ಬಂದವರು. ತಾಳಿ ಕಟ್ಟಿದ ಸಂಜೆಯೇ ಅವರ ಫೋನು ಒಮ್ಮೆಲೇ ನಡುಗಲು ತೊಡಗಿ, 60 ಜನ ಅಪರಿಚಿತರು ಕೇಕಿನ ಚಿತ್ರದೊಡನೆ ಸ್ವಾಗತ ಕೋರಿರುತ್ತಾರೆ. ಯಕಾರದ ಈ ಗೋಳು ಕಂಪನಿಗೂ ಮುಟ್ಟಿ 2019ರಲ್ಲಿ, ತನ್ನನ್ನು ಗುಂಪಿಗೆ ಯಾರು ಸೇರಿಸಬಹುದು ಎಂದು ಆಯ್ದುಕೊಳ್ಳುವ ಸೌಕರ್ಯ ಕೊಟ್ಟರು. ಅದನ್ನು ಬಳಸಿ ಮಾವನ ಮನೆಯ ಗುಂಪನ್ನು ತಪ್ಪಿಸಿಕೊಂಡ ಅಳಿಯ ಈವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಲೋಪವೆಂದರೆ ಇದ್ದದ್ದು ಬೀಳುವುದು. ಊರು, ಅಲ್ಲಿ ಸೇರಿ 'ಊರಲ್ಲಿ' ಆದಾಗ ಉಕಾರ ಸದ್ದಿಲ್ಲದೆ ಹೋಗುತ್ತದೆ. ಗುಂಪಿನಲ್ಲಿ ಮೊದಲು ಹೀಗಿರಲಿಲ್ಲ. ಒಬ್ಬರು ಹೊರಬಿದ್ದರೆ ಇಂಥವರು ಹೋದರು ಎಂದು ಡಂಗುರ ಹೊಡೆದ ಹಾಗೆ ನಡುಮಧ್ಯೆ ಸಾಲು ಮೂಡುತ್ತಿತ್ತು. ಹಿಂದೆಯೇ ನಾಲ್ಕು ಕಡೆಯಿಂದ ಸಮಾಧಾನದ ಫೋನು, ರಾತ್ರಿಯೊಳಗೆ ಪುನರಾಗಮ. ನಮ್ಮ ಚಿಕ್ಕಪ್ಪ ವರ್ಷಕ್ಕೆರಡು ಸಲ ಹೊರಬೀಳುತ್ತಿದ್ದುದು ಈ ಉಪಚಾರಕ್ಕಾಗಿಯೇ. 2022ರಲ್ಲಿ ಸದ್ದಿಲ್ಲದೆ ಹೋಗುವ ವ್ಯವಸ್ಥೆ ಬಂತು: ಅಡ್ಮಿನ್‌ಗಷ್ಟೇ ತಿಳಿಯುತ್ತದೆ. ಅದಾದ ಮೇಲೆ ಚಿಕ್ಕಪ್ಪ ಒಮ್ಮೆ ಹೋದರು. ನಮ್ಮ ಅಡ್ಮಿನ್ ನೋಡಲಿಲ್ಲ. ಹದಿನೇಳು ದಿನ ಕಾದು ತಾವಾಗಿ ಫೋನ್ ಮಾಡಿ 'ನಾನು ಗುಂಪಲ್ಲಿಲ್ಲ, ಗೊತ್ತುಂಟಾ?' ಎಂದರು. ವಿನಯವೆಂಬುದು ಮುನಿಸಿಕೊಂಡವನಿಗೆ ಎಷ್ಟು ದೊಡ್ಡ ಶಿಕ್ಷೆ!

ಸ್ವರದ ಮುಂದೆ ಸ್ವರ ಬಂದರೂ ಸಂಧಿಯಾಗದೆ ಇದ್ದ ಹಾಗೇ ಇರುವುದಕ್ಕೆ ಪ್ರಕೃತಿಭಾವ ಎನ್ನುತ್ತಾರೆ. ಗುಂಪಿನಲ್ಲಿ ಇದಕ್ಕೆ ಮ್ಯೂಟ್ ಎಂದು ಹೆಸರು. ಎಂಟು ಗಂಟೆ, ಒಂದು ವಾರ, ಸದಾಕಾಲ ಎಂದು ಮೂರು ಬಗೆ. ಬಳಗದಲ್ಲಿದ್ದೂ ಇಲ್ಲದಿರುವ ಈ ಸ್ಥಿತಿಗೆ ಹಿಂದಿನವರು ಸನ್ಯಾಸ ತೆಗೆದುಕೊಳ್ಳಬೇಕಾಗಿತ್ತು.

ಸಮಾಸದಲ್ಲಿ ಒಂದನ್ನೇ ಹೇಳುತ್ತೇನೆ. ಬಹುವ್ರೀಹಿಯಲ್ಲಿ ಸಮಾಸದೊಳಗಿನ ಪದಗಳಿಗಿಂತ ಹೊರಗಿರುವ ಅನ್ಯಪದದ ಅರ್ಥವೇ ಪ್ರಧಾನ. ಮುಕ್ಕಣ್ಣ ಎಂದರೆ ಮೂರೂ ಅಲ್ಲ, ಕಣ್ಣೂ ಅಲ್ಲ, ಶಿವ. ಅತ್ತೆಯೊಬ್ಬರನ್ನು ಬಿಟ್ಟು ಮಾಡಿದ ನಮ್ಮ ಇನ್ನೊಂದು ಗುಂಪು ಶುದ್ಧ ಬಹುವ್ರೀಹಿ. ಅದರಲ್ಲಿರುವವರು ಹನ್ನೊಂದು ಮಂದಿ, ಮಾತೆಲ್ಲ ಅದರಲ್ಲಿಲ್ಲದ ಅತ್ತೆಯದೇ. ಹಿಂದೆ ಮನೆ ಹಿಸ್ಸೆಯಾದರೆ ಒಲೆ ಎರಡಾಗುತ್ತಿತ್ತು, ಹೊಗೆ ಕಂಡೇ ಊರಿಗೆ ತಿಳಿಯುತ್ತಿತ್ತು. ಈಗಿನ ಹಿಸ್ಸೆಗೆ ಹೊಗೆಯಿಲ್ಲ.

ಕೇಶಿರಾಜನಲ್ಲಿ ಅಪಭ್ರಂಶಕ್ಕೂ ಒಂದು ಪ್ರಕರಣವಿದೆ. ಗುಂಪಿನ ಅಪಭ್ರಂಶ ಎಂದರೆ ಫಾರ್ವರ್ಡು: ಮೂಲ ಯಾವುದೆಂದು ತಿಳಿಯದಷ್ಟು ಬಾಯಿಂದ ಬಾಯಿಗೆ ಹೋದದ್ದು. ಇಲ್ಲಿ ನಗೆ ಮುಂದುವರಿಯುವುದಿಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಹಳ್ಳಿಗಾಡಿಗೆ ಸುತ್ತಾಡಲು ಬಂದ ಕೆಲವು ಯುವಕರು ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂಬ ಸಂದೇಶ ಆಗಲೇ ಊರೂರಿನ ಗುಂಪುಗಳಲ್ಲಿ ಸುತ್ತುತ್ತಿತ್ತು. ಹೆದರಿ ಹೊರಟ ಅವರ ಕಾರಿಗಿಂತ ಮೊದಲು ಸುದ್ದಿ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ಅಲ್ಲಿ ತಡೆದು ಹೊಡೆದರು. ಹೈದರಾಬಾದಿನ ಒಬ್ಬ ಸತ್ತ. ಅದೇ ತಿಂಗಳು ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿಯನ್ನು ಘೋಷಿಸಿತು. 'ನಮ್ಮವರು' ಎಂಬುದು ಗಟ್ಟಿಯಾಗುತ್ತ ಹೋದ ಹಾಗೆ 'ಯಾರೋ ಹೊರಗಿನವರು' ಎಂಬುದೂ ಗಟ್ಟಿಯಾಗುತ್ತದೆಂದು ಯಾವ ವ್ಯಾಕರಣದಲ್ಲೂ ಬರೆದಿಲ್ಲ.

ಉಳಿದದ್ದು ಆದೇಶ. ಒಂದು ಅಕ್ಷರ ಹೋಗಿ ಅದರ ಜಾಗದಲ್ಲಿ ಇನ್ನೊಂದು ಕೂರುವುದು: ಮಳೆ, ಕಾಲ ಸೇರಿ ಮಳೆಗಾಲ. ಇದರ ಪ್ರಯೋಗಕ್ಕೆ ನಮ್ಮ ದೊಡ್ಡಮ್ಮನೇ ಉದಾಹರಣೆ.

ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಫೋನು ದೊಡ್ಡಮ್ಮನ ಕೈಗೆ ಬಂತು. ಗ್ಯಾಸು, ಬ್ಯಾಂಕು, ಆಧಾರ್ ಎಲ್ಲದರ ಓಟಿಪಿ ಆ ನಂಬರಿಗೇ ಬರುವುದರಿಂದ ಸಿಮ್ ಬದಲಿಸಲಿಲ್ಲ. ಹಾಗಾಗಿ ನಮ್ಮೆಲ್ಲರ ಫೋನಿನಲ್ಲಿ ದೊಡ್ಡಮ್ಮ ಇಂದಿಗೂ 'ದೊಡ್ಡಪ್ಪ'. ಚಿತ್ರವೂ ಅವರದೇ, ಹಾಳೆಟೊಪ್ಪಿ ಹಾಕಿಕೊಂಡು ಅಡಿಕೆ ತೋಟದಲ್ಲಿ ನಿಂತದ್ದು. ಪಹಣಿಯಲ್ಲಿ ಹೆಸರಿಲ್ಲದ ದೊಡ್ಡಮ್ಮನಿಗೆ ಗುಂಪಿನಲ್ಲೂ ಹೆಸರಿಲ್ಲ. ಓದುಬರಹ ಅಷ್ಟಕ್ಕಷ್ಟೆ, ಟೈಪಿಂಗಂತೂ ಬಾರದು. ಆದರೆ ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡುವುದನ್ನು ಮೊಮ್ಮಗಳು ಕಲಿಸಿಕೊಟ್ಟಿದ್ದಾಳೆ. ಮನೆಯೊಳಗೆ ಸಿಗ್ನಲ್ ಇಲ್ಲ. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸಿಗೆಂದು ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕೂರುತ್ತಿದ್ದರಲ್ಲ, ಅದೇ ಸೀಮೆ ಅದು. ದೊಡ್ಡಮ್ಮನಿಗೆ ಗುಡ್ಡ ಹತ್ತಲಾಗುವುದಿಲ್ಲವಾದ್ದರಿಂದ ಅಂಗಳದ ಅಡಿಕೆ ಚಪ್ಪರದ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ನಿಲ್ಲುತ್ತಾರೆ.

ಕಳೆದ ಮಳೆಗಾಲದಲ್ಲಿ ಅವರಿಂದ ಒಂದು ಧ್ವನಿಸಂದೇಶ ಬಂತು. ಏಳು ನಿಮಿಷ ಇಪ್ಪತ್ತು ಸೆಕೆಂಡಿನದು. ದೊಡ್ಡಪ್ಪನ ಎರಡನೇ ವರ್ಷದ ತಿಥಿ ಭಾನುವಾರ ಎಂದು ಮೊದಲೇ ಗೊತ್ತಿತ್ತು. 'ದೊಡ್ಡಪ್ಪ' ಎಂಬ ಹೆಸರಿನಿಂದ ದೊಡ್ಡಪ್ಪನ ತಿಥಿಯ ಕರೆ ಬಂದದ್ದನ್ನು ನೋಡಿ ಆಫೀಸಿನಲ್ಲಿ ಒಬ್ಬನೇ ನಕ್ಕೆ ಎಂಬುದನ್ನೂ ದಾಖಲಿಸಬೇಕು. ಸಂದೇಶದ ಕೆಳಗೆ ಕೈಮುಗಿದ ಚಿತ್ರಗಳು ಒಂದೊಂದಾಗಿ ಬಂದವು.

ಭಾನುವಾರ ನಸುಕಿನಲ್ಲೇ ಬೆಂಗಳೂರಿನಿಂದ ಮೂರು ಕಾರು ಹೊರಟೆವು. ಹೋಗಿ ಇಳಿದರೆ ಅಂಗಳ ಗುಡಿಸಿ ಆಗಿತ್ತು. ದೊಡ್ಡಮ್ಮ ಹೊಸ್ತಿಲಲ್ಲಿ ಕೂತು ಬಚ್ಚಲ ಒಲೆಗೆಂದು ತೆಂಗಿನ ಗರಿ ಮುರಿಯುತ್ತಿದ್ದರು.

'ಎಂತ ಮಾರಾಯ, ಇವತ್ತು ಬಂದ್ರಿ? ಭಟ್ರು ಪಂಚಾಂಗ ನೋಡಿ ಶನಿವಾರವೇ ಬರ್ತದೆ ಅಂದ್ರು. ನಾ ಹೇಳಿರ್ಲಿಲ್ವಾ?'

ವಡೆ ಉಳಿದಿತ್ತು. ಬಿಸಿ ಮಾಡಿ ಬಡಿಸಿದರು. ಹಿಂದಿನ ದಿನ ಮಗ, ಭಟ್ಟರು, ಮತ್ತೆ ಫೋನಿಲ್ಲದ್ದರಿಂದ ದೊಡ್ಡಮ್ಮ ನಡೆದುಹೋಗಿ ಕರೆದಿದ್ದ ಕೆಳಮನೆಯವರು, ಇಷ್ಟೇ ಜನ ಉಂಡಿದ್ದರಂತೆ.

ಊಟವಾದ ಮೇಲೆ ಚಪ್ಪರದ ಮೂಲೆಯಲ್ಲಿ ನಿಂತು ಆ ಸಂದೇಶವನ್ನು ಕೇಳಿದೆ. ಮೊದಲು ಮಳೆ, ಆಮೇಲೆ ಕೊಳೆರೋಗಕ್ಕೆ ಔಷಧಿ ಹೊಡೆಯಲು ಜನ ಸಿಗದ ತಾಪತ್ರಯ, ಕೆಂದಿ ಕರು ಹಾಕಿದ್ದು, ನಡುವೆ ಎರಡು ಸಲ ಕುಕ್ಕರಿನ ಕೂಗು, 'ಕೇಳ್ತದಾ ನಿಮಗೆ?' ಎಂಬ ಪ್ರಶ್ನೆ. ಶನಿವಾರ ಎಂದದ್ದು ನಾಲ್ಕನೇ ನಿಮಿಷದಲ್ಲಿ. ಅದರ ಕೆಳಗಿದ್ದ ಕೈಮುಗಿದ ಚಿತ್ರಗಳನ್ನು ಎಣಿಸಿದೆ: 23. ಒಂದು ನನ್ನದು.