ಹಳೇ ಫೋಟೊದಲ್ಲಿ ಯಾರೂ ಯಾಕೆ ನಗೋದಿಲ್ಲ?

ಮೇಷ್ಟ್ರೇ, ಗಿಡಕ್ಕೆ ನೀರು ಆಮೇಲೆ ಬಿಡೋರಂತೆ, ಕಾಂಪೌಂಡ್ ಹತ್ರ ಬನ್ನಿ. ನಿಮ್ಮ ಮೊಮ್ಮಗಳು ವೀಣೆ ಶೇಷಣ್ಣನವರ ಫೋಟೊ ನೋಡಿ, ‘ಈ ತಾತನಿಗೆ ಕೋಪಾನಾ?’ ಅಂದಳಲ್ಲ, ಅದೇ ತಲೇಲಿ ಕೂತುಬಿಟ್ಟಿದೆ.

ಕೋಪ ಎಲ್ಲಿಂದ ಬರಬೇಕು! ಶೇಷಣ್ಣನವರು ಹುಟ್ಟಿದ್ದು 1852ರಲ್ಲಿ. ಗಾಜಿಗೆ ಮದ್ದು ಬಳಿದು ಚಿತ್ರ ಹಿಡಿಯೋ ವಿಧಾನ ಇಂಗ್ಲೆಂಡಿನಲ್ಲಿ ಬಂದದ್ದು ಅದರ ಹಿಂದಿನ ವರ್ಷ. ಮದ್ದು ಹಸಿ ಆರೋದರೊಳಗೆ ಫೋಟೊ ತೆಗೆದು ತೊಳೆದೂ ಮುಗಿಸಬೇಕಿತ್ತು. ಕೂತೋರು ಹಲವು ಸೆಕೆಂಡು ಅಲ್ಲಾಡೋ ಹಾಗಿಲ್ಲ. ತಲೆ ಕದಲದಿರಲಿ ಅಂತ ಕತ್ತಿನ ಹಿಂದೆ ಕಬ್ಬಿಣದ ಕವೆ ಬೇರೆ. ಅಷ್ಟು ಹೊತ್ತು ನಗು ಹಿಡಿದಿಟ್ಟುಕೊಂಡು ನೋಡಿ, ದವಡೆ ನೋಯುತ್ತೆ. 1880ರ ದಶಕದಲ್ಲಿ ಒಣ ಗಾಜು ಬಳಕೆಗೆ ಬಂದು ಕ್ಯಾಮೆರಾ ಚುರುಕಾಯ್ತು, ಬಿಗಿದುಕೊಂಡು ಕೂರೋ ರೂಢಿ ಮಾತ್ರ ಹೋಗಲಿಲ್ಲ.

ಶೇಷಣ್ಣನವರ ಮುಖವಾದರೂ ಉಳೀತಲ್ಲ ಅನ್ನಿ. ಕುಣಿಗಲ್‌ನಲ್ಲಿ ನಿಮ್ಮ ಅಕ್ಕನ ಮನೇಲಿರೋ ತ್ಯಾಗರಾಜರ ಪಟ ಚಿತ್ರಕಾರರ ಕಲ್ಪನೆ. ಪ್ಯಾರಿಸ್‌ನಲ್ಲಿ ದಗೇರ್‌ನ ಫೋಟೊ ವಿದ್ಯೆ ಹೊರಬಿದ್ದದ್ದು 1839ರಲ್ಲಿ. ತಿರುವೈಯಾರಿನಲ್ಲಿ ತ್ಯಾಗರಾಜರು ಹೋದದ್ದು 1847ರಲ್ಲಿ. ಇನ್ನೆರಡು ವರ್ಷಕ್ಕೆ ತೀರಿಕೊಂಡ ಸಂಗೀತಗಾರ ಶಾಪಾನ್ ಇದ್ದದ್ದು ಪ್ಯಾರಿಸ್‌ನಲ್ಲೇ, ಹಾಗಾಗಿ ಆತನ ಫೋಟೊ ಇದೆ. ಕಾಯಿಲೆಯಿಂದ ಬಳಲಿದ ಆ ಮುಖ ನೋಡಿದಾಗಲೆಲ್ಲ, ನಮ್ಮ ತ್ಯಾಗರಾಜರದ್ದೂ ಒಂದು ಇದ್ದಿದ್ದರೆ ಅಂತ ಹೊಟ್ಟೆ ಉರಿಯುತ್ತೆ ನನಗೆ.

ಅದೇ ಪ್ಯಾರಿಸ್‌ನಲ್ಲಿ ಆಮೇಲೆ ನಾದಾರ್ ಅಂತ ಒಬ್ಬ ಇದ್ದ, ಮಹಾ ಫೋಟೊಗ್ರಾಫರ್. ರೊಸ್ಸೀನಿ, ಬೆರ್ಲಿಯೋಸ್‌ರಂಥ ಸಂಗೀತಗಾರರನ್ನೆಲ್ಲ ತೆಗೆದ. ಬಣ್ಣದ ಪರದೆ, ಕಂಬ, ಹೂಕುಂಡ ಯಾವುದೂ ಬೇಡ ಅವನಿಗೆ. ಬರೀ ಗೋಡೆ, ಬೆಳಕು, ಎದುರಿಗೊಬ್ಬ ಮನುಷ್ಯ. ಅವನ ಫೋಟೊಗಳಲ್ಲಿ ಇವರು ಈಗ ಏನೋ ಹೇಳ್ತಾರೆ ಅನ್ನಿಸುತ್ತೆ.

ನನಗೆ ಸಂಕಟ ಆಗೋದು ನಮ್ಮ ಗುಬ್ಬಿ ವೀರಣ್ಣನವರ ವಿಷಯದಲ್ಲಿ. ಗುಬ್ಬಿಯ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ, ಅವರು ಹುಟ್ಟಿದ್ದು 1891ರಲ್ಲಿ. ಅವರು ರಂಗಕ್ಕೆ ಬರೋ ಹೊತ್ತಿಗೆ ಕ್ಯಾಮೆರಾಕ್ಕೆ ಯಾರನ್ನೂ ಕಟ್ಟಿ ಕೂರಿಸೋ ಅಗತ್ಯ ಇರಲಿಲ್ಲ. ‘ಸದಾರಮೆ’ ನಾಟಕದ ಕಳ್ಳನಾಗಿ ಊರೂರನ್ನೇ ನಗಿಸಿದೋರು ಅವರು! ನಮ್ಮೂರ ಕಲಾಕ್ಷೇತ್ರಕ್ಕೂ ಅವರದ್ದೇ ಹೆಸರು. ಆದರೆ ಸಭೆಗಳಲ್ಲಿ ಹಾರ ಹಾಕೋಕೆ ನಾವು ಹುಡುಕೋದು ಗಂಭೀರವಾದ ಪಟವನ್ನೇ. ಮರ್ಯಾದೆ ಅಂತೀರಿ, ಒಪ್ಪಿದೆ. ಆದರೂ ನಗಿಸಿಯೇ ದೊಡ್ಡವರಾದವರನ್ನು ಮಕ್ಕಳು ನಗದವರು ಅಂದುಕೊಂಡು ಬೆಳೆಯಬಾರದು ಮೇಷ್ಟ್ರೇ. ಕಳ್ಳನ ವೇಷದ್ದನ್ನೇ ಮುಂದಿಡಬೇಕು.

ಗುಬ್ಬೀಲಿ ನಿಮ್ಮ ಬೀಗರ ಮನೆ ಹಳೇದಲ್ವಾ? ಟ್ರಂಕಿನಲ್ಲಿ ಕಂಪನಿ ನಾಟಕದ ಫೋಟೊ ಏನಾದರೂ ಇದೆಯಾ ಕೇಳಿ. ಸಿಕ್ಕಿದರೆ ಒರೆಸೋಕೆ ಹೋಗಬೇಡಿ ಅನ್ನಿ. ಯಾರು, ಯಾವ ವೇಷ ಅಂತ ಹಿರಿಯರು ಹೇಳಿದ್ದನ್ನ ಹಿಂದುಗಡೆ ಪೆನ್ಸಿಲ್ಲಲ್ಲಿ ಬರೆದಿಡಲಿ. ಪೆನ್ ಬೇಡ, ಮಸಿ ಮುಂದಕ್ಕೆ ಇಳಿಯುತ್ತೆ.