ಹಿತ್ತಲಿಗೊಂದು ಟಾಟಾ

ಹೊಳೆನರಸೀಪುರದ ಮನೆ ಖಾಲಿ ಮಾಡಿ ಬೆಂಗಳೂರಿನ ಮಗನ ಮೂರನೇ ಮಹಡಿ ಸೇರುವುದೆಂದು ತೀರ್ಮಾನವಾಯಿತು. ಪಾತ್ರೆ ಪಗಡ ಕಟ್ಟುವುದು ನನ್ನವಳ ಪಾಲಿಗೆ, ಹಿತ್ತಲನ್ನು ಬೀಳ್ಕೊಡುವುದು ನನ್ನ ಪಾಲಿಗೆ. ಯಾರೂ ಒಪ್ಪಿಸಿದ್ದಲ್ಲ, ನಾನೇ ಕಿತ್ತುಕೊಂಡದ್ದು. ಗೊರೂರಿನಲ್ಲಿ 1979ರಲ್ಲಿ ಹೇಮಾವತಿ ಅಣೆಕಟ್ಟು ಮುಗಿದಾಗ ಹೊಲ, ಮನೆ, ಊರನ್ನೇ ನೀರಿಗೆ ಬಿಟ್ಟುಕೊಟ್ಟವರ ಜಿಲ್ಲೆ ನಮ್ಮದು. ನಾನು ಬಿಡಬೇಕಾದದ್ದು ಒಂದು ಮಾವಿನಮರ, ಒಂದು ಕರಿಬೇವು, ಒಂದು ಬ್ರಹ್ಮಕಮಲದ ಕುಂಡ. ಅತ್ತದ್ದು ಮಾತ್ರ ಇನ್ನೊಂದು ಜಲಾಶಯ ತುಂಬುವಷ್ಟು.

ಮೊದಲು ಮಾವನ್ನು ತಬ್ಬಿಕೊಂಡೆ. ಸಿನಿಮಾದಲ್ಲಿ ಮರ ತಬ್ಬಿದವರಿಗೆ ಕೆಂಜಿಗ ಕಚ್ಚುವುದೇ ಇಲ್ಲ, ಗಮನಿಸಿದ್ದೀರಾ? ನಾನು ಅಂಗಿ ಕಿತ್ತೆಸೆದು ಹಿತ್ತಲೆಲ್ಲ ಕುಣಿದೆ. ಪಕ್ಕದ ಮನೆ ಅಜ್ಜಿ ಇಣುಕಿ, "ಊರು ಬಿಡೋಕೆ ಅಷ್ಟೊಂದು ಖುಷಿನಾ ಸ್ವಾಮಿ?" ಎಂದರು.

ಅಷ್ಟರಲ್ಲಿ ಬ್ರಹ್ಮಕಮಲ ಮೊಗ್ಗಾಗಿತ್ತು. ಅರಳುವುದು ರಾತ್ರಿ, ಬೆಳಗಾದರೆ ಬಾಡಿತು. ಬೀದಿಯವರನ್ನೆಲ್ಲ ಕರೆದು, ಕುಂಡದ ಪಕ್ಕ ಕುರ್ಚಿ ಹಾಕಿಕೊಂಡು ಕಾದೆ. ಕಣ್ಣು ಬಿಟ್ಟಾಗ ಕೋಳಿ ಕೂಗುತ್ತಿತ್ತು. ಹೂ ಅರಳಿ, ಪೂಜೆಯಾಗಿ, ಜೋತುಬಿದ್ದಿತ್ತು. ನನ್ನ ಹಣೆಗೂ ಯಾರೋ ಕುಂಕುಮ ಇಟ್ಟು ಹೋಗಿದ್ದರು.

ಹೋಗಲಿ, ಕರಿಬೇವಿನ ಒಂದು ಮರಿಯನ್ನಾದರೂ ಒಯ್ಯೋಣವೆಂದುಕೊಂಡೆ. "ಅದು ತಾಯಿ ಬೇರಿಂದಲೇ ಹುಟ್ಟೋದು ಕಣಯ್ಯ, ಬೇರಿನ ತುಂಡು ಸಮೇತ ತೆಗಿ" ಎಂದು ಅರಕಲಗೂಡಿನಲ್ಲಿ ಹೊಗೆಸೊಪ್ಪು ಬೆಳೆಯುವ ಭಾವ ಫೋನಿನಲ್ಲೇ ಪಾಠ ಮಾಡಿದರು. ಅಗೆದೆ. ಬೇರು ಹೋದಲ್ಲೆಲ್ಲ ನಾನೂ ಹೋದೆ. ಕೊನೆಗೆ ಬೇರೆಂದು ಕುಯ್ದದ್ದು ನಲ್ಲಿ ಪೈಪು! ಬೀದಿಗೆ ಅವತ್ತು ತೊಟ್ಟು ನೀರಿಲ್ಲ. ನಮ್ಮ ಹಿತ್ತಲಲ್ಲಿ ಮಾತ್ರ ಸಾಕ್ಷಾತ್ ಹೇಮಾವತಿ.

ಅಂತೂ ಮರಿಯನ್ನು ಮಗುವಿನಂತೆ ತೊಡೆ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತಾಗ ಅದಕ್ಕೆ ಸ್ವಲ್ಪ ಗಾಳಿಯಾಡಲೆಂದು ಕೆಳಗಿಳಿದೆ.

"ಎಷ್ಟಪ್ಪಾ ಗಿಡ?" ಎಂದರು ಒಬ್ಬರು ಯಜಮಾನರು.

ಮಾರೋದಲ್ಲ ಅನ್ನಬೇಕಿತ್ತು. ನಾಲಿಗೆ "ನೂರು" ಅಂದುಬಿಟ್ಟಿತು. ಅವರು ಐವತ್ತು ಅಂದರು. ಜೀವಮಾನವಿಡೀ ಸಂತೆಯಲ್ಲಿ ಚೌಕಾಸಿ ಮಾಡಿ ಸೋತವನು ನಾನು. ನಿಮಗೂ ಆ ಉರಿ ಗೊತ್ತಿರುತ್ತದೆ. ಇವತ್ತು ಬಗ್ಗಲೇಬಾರದೆಂದು ಹಟ ಹಿಡಿದು ಎಂಬತ್ತಕ್ಕೆ ಗೆದ್ದೆ! ಗಿಡ ಅವರ ಕೈಗೆ ಹೋದ ಮೇಲೆ ಹೊಟ್ಟೆ ಚುರ್ರೆಂದಿತು. ಹುಳಿ ಮಜ್ಜಿಗೆ ಹಾಕಿ, ಕುಡಿ ಚಿವುಟಿ, ಬೇರು ಊರುವ ತನಕ ನೆರಳಲ್ಲಿಡಿ ಎಂದು ಕಣ್ಣೊರೆಸಿಕೊಂಡು ವಿವರಿಸುತ್ತಾ ನಿಂತೆ. ತಿರುಗಿ ನೋಡಿದರೆ ಬಸ್ಸಿಲ್ಲ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ನನ್ನವಳು.

"ರೀ, ಮುಂದೆ ಕೂತಿದ್ದೀರಲ್ಲ, ಕರಿಬೇವಿಗೆ ಬಿಸಿಲು ಬೀಳ್ತಿಲ್ಲ ತಾನೇ?"